ಗೋಕುಲ ರಸ್ತೆಯ ಬುಟ್ಟಿ, ಪಾವಟೆ ನಗರದ ಪ್ರಯೋಗಾಲಯ

ಹುಬ್ಬಳ್ಳಿ ನಿಂತಿರುವ ಜಾಗವೇ ಹಣ್ಣಿಗೆ ಅನುಕೂಲದ್ದು. ಪಶ್ಚಿಮಕ್ಕೆ ಹೊರಟರೆ ತಾಸಿನೊಳಗೆ ಕಲಘಟಗಿಯ ಅರೆಮಲೆನಾಡು ಎದುರಾಗುತ್ತದೆ, ಅದರಾಚೆ ಯಲ್ಲಾಪುರ, ಹಳಿಯಾಳದ ಕಾಡು. ಪೂರ್ವಕ್ಕೆ ಹೊರಟರೆ ನವಲಗುಂದ, ಅಣ್ಣಿಗೇರಿಯ ಎರಿ ಭೂಮಿ. ಒಂದು ಕಡೆಯಿಂದ ನೇರಳೆ, ಕವಳಿ, ನೆಲ್ಲಿ, ಮುರುಗಲು. ಇನ್ನೊಂದು ಕಡೆಯಿಂದ ಹೊಲದ ಬದುವಿನ ಬಾರಿಹಣ್ಣು, ಬೆಳವಲ. ಎರಡೂ ಸೀಮೆಯ ಹಣ್ಣು ಊರೊಳಗೆ ಬಂದು ಕೂಡುವ ಜಾಗಗಳಲ್ಲಿ ಗೋಕುಲ ರಸ್ತೆಯೂ ಒಂದು. ಹೊಸ ಬಸ್ ನಿಲ್ದಾಣ, ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ, ಕೈಗಾರಿಕಾ ವಸಾಹತು, ಕೊನೆಯಲ್ಲಿ ವಿಮಾನ ನಿಲ್ದಾಣ ಇರುವ ಈ ರಸ್ತೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಜನ ಹರಿಯುತ್ತಲೇ ಇರುತ್ತಾರೆ. ಜನ ಇದ್ದಲ್ಲಿ ಬುಟ್ಟಿ ಇಳಿಯುತ್ತದೆ.

ಬೇಸಿಗೆಯ ಕೊನೆಗೆ ಕವಳಿ ಬರುತ್ತದೆ. ಮಿರುಗ ಕೂಡುವ ಹೊತ್ತಿಗೆ ನೇರಳೆ. ಚಳಿ ಶುರುವಾದರೆ ನೆಲ್ಲಿ, ಸಂಕ್ರಾಂತಿಯ ಆಚೀಚೆ ಬಾರಿಹಣ್ಣು. ಅಂಗಡಿಗಳಲ್ಲಿ ವರ್ಷವಿಡೀ ಮೆರೆಯುವ ಸೇಬು, ಕಿವಿ, ಡ್ರ್ಯಾಗನ್ ಫ್ರೂಟಿನ ಮುಂದೆ ಈ ಹಣ್ಣುಗಳ ಬಾಳು ಕೆಲವೇ ವಾರಗಳದು. ಮಾರುವ ಹೆಣ್ಣುಮಕ್ಕಳನ್ನು ಈ ಸಲದ ನೇರಳೆ ಹೇಗಿದೆ ಎಂದು ಕೇಳಿ ನೋಡಿ. “ಒಂದ್ ಗಿಡದ್ದು ಇದ್ದಂಗ ಇನ್ನೊಂದ್ ಗಿಡದ್ದು ಇರೂದಿಲ್ರಿ. ಮೊದ್ಲ ಒಂದ್ ತಿಂದ್ ನೋಡ್ರಿ, ಆಮ್ಯಾಲ ತಗೋರಿ” ಎನ್ನುತ್ತಾರೆ. ವ್ಯಾಪಾರದ ಮಾತು ಹೌದು. ಆದರೆ ಹಣ್ಣಿನ ರಸಾಯನಶಾಸ್ತ್ರವನ್ನು ಓದುತ್ತ ಹೋದಷ್ಟೂ ಆ ಮಾತಿನ ತೂಕ ಹೆಚ್ಚುತ್ತದೆ.

ಇದೇ ರಸ್ತೆಯ ಔಷಧ ಅಂಗಡಿಗಳ ಕಪಾಟಿನಲ್ಲಿ ‘ಆಂಟಿಆಕ್ಸಿಡೆಂಟ್’ ಎಂದು ಬರೆದ ಡಬ್ಬಿ, ಬಾಟಲಿಗಳ ಸಾಲೇ ಇದೆ. ನೆಲ್ಲಿ ರಸ, ನೇರಳೆ ಬೀಜದ ಪುಡಿ, ಗಾರ್ಸೀನಿಯಾ ಎಂಬ ಹೆಸರಿನ ಮಾತ್ರೆ. ಹೊರಗೆ ಪಾವ್ ಕಿಲೋ ಲೆಕ್ಕದಲ್ಲಿ ಸಿಗುವ ಹಣ್ಣು ಒಳಗೆ ಮಾತ್ರೆಯ ಲೆಕ್ಕಕ್ಕೆ ಬರುವಷ್ಟರಲ್ಲಿ ಅದರ ಬೆಲೆಯೂ ಬದಲಾಗುತ್ತದೆ, ಅದರ ಬಗ್ಗೆ ಆಡುವ ಮಾತೂ ಬದಲಾಗುತ್ತದೆ. ಈ ಬದಲಾವಣೆಗೆ ಆಧಾರವಾಗಿ ತೋರಿಸುವುದು ಪ್ರಯೋಗಾಲಯದ ಒಂದು ಅಂಕಿಯನ್ನು. ಆ ಅಂಕಿ ಹುಟ್ಟುವುದು ಹೇಗೆ, ಅದು ಎಷ್ಟನ್ನು ಹೇಳುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ತಿಳಿಯದೆ ನಮ್ಮ ಹಣ್ಣುಗಳ ಬಗ್ಗೆ ಮಾತಾಡುವುದು ಕಷ್ಟ.

ಅಂಥ ಅಂಕಿಗಳನ್ನು ಹುಟ್ಟಿಸುವ ಕೆಲಸ ದೂರದಲ್ಲೇನೂ ನಡೆಯುತ್ತಿಲ್ಲ. ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಚೆ ಧಾರವಾಡದ ಪಾವಟೆ ನಗರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ವಿಭಾಗ ಕಾಡುಹಣ್ಣುಗಳ ಸತ್ವಗಳ ಮೇಲೆ ಬಹಳ ಕಾಲದಿಂದ ಕೆಲಸ ಮಾಡಿದೆ. ಅಲ್ಲಿನ ವಿಜ್ಞಾನಿ ಹೊಸಕಟ್ಟೆ ನಿರಂಜನ ಮೂರ್ತಿ ಅವರು ವಿಶ್ವಾಸ ಬಾಪಟ್ ಅವರೊಡನೆ ಸಂಪಾದಿಸಿದ, ಕಡೆಗಣಿಸಿದ ಹಣ್ಣು ಮತ್ತು ಬೀಜಗಳ ಜೈವಿಕ ಸಂಯುಕ್ತಗಳ ಕುರಿತ ದೊಡ್ಡ ಗ್ರಂಥವನ್ನು ಸ್ಪ್ರಿಂಗರ್ ಪ್ರಕಾಶನ 2020ರಲ್ಲಿ ಹೊರತಂದಿತು. ನಮ್ಮ ಬದುವಿನ ಬೆಳವಲ ಹಣ್ಣಿಗೂ ಅದರಲ್ಲಿ ಒಂದು ಅಧ್ಯಾಯವಿದೆ. ಆನೆ ನುಂಗಿದ ಬೆಳವಲದ ಮಾತನ್ನಷ್ಟೇ ಕೇಳಿ ಬೆಳೆದ ನಮಗೆ, ಅದೇ ಹಣ್ಣಿನ ತಿರುಳು, ಬೀಜ, ಓಡು, ಎಲೆಗಳ ರಾಸಾಯನಿಕ ಪಟ್ಟಿಯನ್ನು ಜಗತ್ತಿನ ಸಂಶೋಧಕರು ಧಾರವಾಡದ ವಿಳಾಸದಿಂದ ಓದುತ್ತಿದ್ದಾರೆ ಎನ್ನುವುದು ಹೆಮ್ಮೆಯ ವಿಷಯ.

ನೇರಳೆ ಬಣ್ಣವನ್ನು ಅಳೆಯುವ ನೇರಳೆ ಬಣ್ಣ

ಹಣ್ಣು ಪ್ರಯೋಗಾಲಯಕ್ಕೆ ಹೋದಮೇಲೆ ಮೊದಲು ಅದನ್ನು ಒಣಗಿಸುತ್ತಾರೆ ಅಥವಾ ಹಾಗೆಯೇ ಅರೆಯುತ್ತಾರೆ. ಆಮೇಲೆ ನೀರು, ಎಥನಾಲ್, ಮೆಥನಾಲ್ ಮೊದಲಾದ ದ್ರಾವಕದಲ್ಲಿ ನೆನೆಸಿ ಸತ್ವ ತೆಗೆಯುತ್ತಾರೆ. ಸತ್ವದಲ್ಲಿ ಏನೇನಿದೆ ಎಂದು ಬಿಡಿಸಿ ನೋಡುವುದು ಒಂದು ಕೆಲಸ. ಕ್ರೊಮಟೋಗ್ರಫಿ ಯಂತ್ರದ ಸಣ್ಣ ಕೊಳವೆಯಲ್ಲಿ ಸತ್ವವನ್ನು ಹರಿಯಬಿಟ್ಟರೆ ಒಂದೊಂದು ವಸ್ತುವೂ ಒಂದೊಂದು ಹೊತ್ತಿಗೆ ಹೊರಬರುತ್ತದೆ. ಮಾಸ್ ಸ್ಪೆಕ್ಟ್ರೋಮೀಟರ್ ಅವುಗಳ ಅಣುತೂಕ ಹೇಳುತ್ತದೆ. ಅದರ ಆಧಾರದಿಂದ ಇದು ಗ್ಯಾಲಿಕ್ ಆಮ್ಲ, ಇದು ಎಲಾಜಿಕ್ ಆಮ್ಲ, ಇದು ಆಂಥೋಸಯನಿನ್ ಎಂದು ಗುರುತು ಹಿಡಿಯುತ್ತಾರೆ. ಇದು ಹಣ್ಣಿನ ಜಾತಕ.

ಆ ಸತ್ವ ಏನು ಮಾಡಬಲ್ಲದು ಎಂದು ನೋಡುವುದು ಎರಡನೆಯ ಕೆಲಸ. ಅದಕ್ಕೆ ಹೆಚ್ಚು ಬಳಸುವ ಪರೀಕ್ಷೆಯ ಹೆಸರು ಡಿಪಿಪಿಎಚ್. ಇದನ್ನು 1958ರಲ್ಲಿ ಮಾರ್ಸ್‌ಡನ್ ಬ್ಲಾಯ್ಸ್ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಡಿಪಿಪಿಎಚ್ ಎಂಬುದು ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಒಂದು ಸ್ಥಿರ ರಾಡಿಕಲ್. ಅದರ ದ್ರಾವಣ ನೇರಳೆ ತಿಂದವರ ನಾಲಿಗೆಯ ಹಾಗೆ ಗಾಢ ಊದಾ. ಅದಕ್ಕೆ ಹಣ್ಣಿನ ಸತ್ವ ಸೇರಿಸಿದಾಗ, ಸತ್ವದ ಫಿನಾಲುಗಳು ತಮ್ಮ ಹೈಡ್ರೋಜನ್ ಬಿಟ್ಟುಕೊಟ್ಟು ರಾಡಿಕಲ್ಲನ್ನು ತಣಿಸುತ್ತವೆ. ಆಂಟಿಆಕ್ಸಿಡೆಂಟ್ ಗುಣ ಎನ್ನುವುದು ಇದನ್ನೇ. ಊದಾ ಬಣ್ಣ ಹೋಗಿ ಹಳದಿ ಉಳಿಯುತ್ತದೆ. ಎಷ್ಟು ಬಣ್ಣ ಹೋಯಿತು ಎಂದು 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಅರ್ಧ ಬಣ್ಣ ತೆಗೆಯಲು ಎಷ್ಟು ಸತ್ವ ಬೇಕಾಯಿತೋ ಅದೇ ಐಸಿ 50. ಈ ಅಂಕಿ ಕಡಿಮೆಯಿದ್ದಷ್ಟೂ ಹಣ್ಣು ಬಲಶಾಲಿ. ಬರೆಯುವಾಗ ಇದನ್ನು ತಿರುಗಾ ಮುರುಗಾ ಮಾಡಿ, ಹೆಚ್ಚು ಐಸಿ 50 ಇದ್ದ ಹಣ್ಣೇ ಶ್ರೇಷ್ಠ ಎಂದು ಹೇಳಿಬಿಡುವ ಅಪಾಯ ಇದ್ದೇ ಇದೆ.

ನೇರಳೆಯ ವಿಷಯದಲ್ಲಿ ಇಲ್ಲೊಂದು ತೊಡಕು ಬರುತ್ತದೆ. ನೇರಳೆಯ ಬಣ್ಣ ಬರುವುದು ಡೆಲ್ಫಿನಿಡಿನ್, ಪೆಟುನಿಡಿನ್, ಮಾಲ್ವಿಡಿನ್ ಎಂಬ ಆಂಥೋಸಯನಿನ್‌ಗಳಿಂದ. ಒಂದೊಂದಕ್ಕೂ ಎರಡೆರಡು ಗ್ಲೂಕೋಸ್ ಅಂಟಿಕೊಂಡಿರುತ್ತವೆ. ಈ ಬಣ್ಣಗಳು ಹೀರುವುದೂ ಹತ್ತಿರ ಹತ್ತಿರ ಅದೇ 520 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು. ಅಂದರೆ ರಾಡಿಕಲ್ಲಿನ ಬಣ್ಣ ಹೋಗಿದ್ದರೂ ಹಣ್ಣಿನ ಬಣ್ಣ ಯಂತ್ರಕ್ಕೆ ಕಾಣುತ್ತಲೇ ಇರುತ್ತದೆ. ಹಣ್ಣಿನ ಬಣ್ಣವನ್ನು ಬೇರೆಯಾಗಿ ಅಳೆದು ಕಳೆಯದಿದ್ದರೆ ನೇರಳೆಗೆ ಅನ್ಯಾಯವಾಗುತ್ತದೆ. ಒಳ್ಳೆಯ ಪ್ರಯೋಗಾಲಯ ಇದನ್ನು ಕಳೆಯುತ್ತದೆ. ಅವಸರದಲ್ಲಿ ಬಿಟ್ಟರೆ ಆ ತಪ್ಪು ಕೋಷ್ಟಕದೊಳಗೆ ಸೇರಿ ಮುಂದಿನವರಿಗೂ ದಾಟುತ್ತದೆ.

ಆಂಥೋಸಯನಿನ್ ಗುಣವನ್ನು ಮನೆಯಲ್ಲೇ ನೋಡಬಹುದು. ನೇರಳೆಯ ಕಲೆ ಬಿದ್ದ ಅಂಗಿಗೆ ಸೋಪು ಹಚ್ಚಿದ ಕೂಡಲೇ ಕಲೆ ನೀಲಿಗೆ ತಿರುಗುತ್ತದೆ. ಲಿಂಬೆ ಹಿಂಡಿದರೆ ಮತ್ತೆ ಕೆಂಪಾಗುತ್ತದೆ. ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಪ್ರಯೋಗಾಲಯದವರು ಆಂಥೋಸಯನಿನ್ ಪ್ರಮಾಣ ಅಳೆಯುವುದೂ ಇದೇ ಗುಣದಿಂದ: ಸತ್ವವನ್ನು ಪಿಎಚ್ 1ರಲ್ಲಿ ಒಮ್ಮೆ, 4.5ರಲ್ಲಿ ಒಮ್ಮೆ ಇಟ್ಟು ಬಣ್ಣದ ವ್ಯತ್ಯಾಸ ನೋಡುತ್ತಾರೆ. ನೇರಳೆ ತಿಂದು ಬಂದ ಮಕ್ಕಳ ಅಂಗಿ ಕಂಡು ಬೈಯುವ ಬದಲು ಇದನ್ನೊಮ್ಮೆ ಮಾಡಿ ತೋರಿಸಬಹುದು. ರಸಾಯನಶಾಸ್ತ್ರ ಅಲ್ಲಿಂದಲೇ ಹಿಡಿಸುತ್ತದೆ.

ಗಿಡಕ್ಕೆ ಈ ವಸ್ತುಗಳೆಲ್ಲ ಏಕೆ ಬೇಕು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಅದು ಇವನ್ನು ಮಾಡಿಕೊಳ್ಳುವುದು ನಮಗಾಗಿ ಅಲ್ಲ. ಬಿಸಿಲು ಸುಡುವಾಗ, ನೀರು ಕಡಿಮೆಯಾದಾಗ, ಹುಳು ಕೊರೆಯುವಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ಟ್ಯಾನಿನ್ ಮತ್ತು ಫಿನಾಲುಗಳನ್ನು ಮಾಡುತ್ತದೆ. ಎಳೆ ನೇರಳೆ ಬಾಯಿ ಒತ್ತರಿಸುವಷ್ಟು ಒಗರಾಗಿರುವುದು ಬೀಜ ಬಲಿಯುವ ಮುಂಚೆ ಯಾರೂ ಮುಟ್ಟದಿರಲಿ ಎಂದು. ಬೀಜ ಬಲಿತಮೇಲೆ ಸಕ್ಕರೆ ಏರುತ್ತದೆ, ಬಣ್ಣ ಬರುತ್ತದೆ, ಕೋಗಿಲೆ ಬಾವಲಿಗಳಿಗೆ ಕರೆ ಹೋಗುತ್ತದೆ. ಹಾಗಾಗಿ ಕಾಯಿ, ದೋರುಗಾಯಿ, ಹಣ್ಣು ಈ ಮೂರಕ್ಕೂ ಮೂರು ಜಾತಕ. ಕಲಘಟಗಿಯ ಗುಡ್ಡದ ಕಲ್ಲುಮಣ್ಣಿನ ಗಿಡ ಮತ್ತು ತೋಟದ ನೀರು ಕುಡಿದ ಗಿಡದ ಹಣ್ಣುಗಳು ಒಂದೇ ಆಗಬೇಕಿಲ್ಲ. ನಮ್ಮ ನೇರಳೆ, ಕವಳಿ, ಬೆಳವಲ ಮರಗಳಲ್ಲಿ ಹೆಚ್ಚಿನವು ಬೀಜದಿಂದ ಹುಟ್ಟಿದವು, ಪ್ರತಿಯೊಂದೂ ಬೇರೆ ಬೇರೆ. ‘ನೇರಳೆಯ ಆಂಟಿಆಕ್ಸಿಡೆಂಟ್ ಇಷ್ಟು’ ಎಂದು ಒಂದೇ ಅಂಕಿ ಬರೆದಾಗ ಅದು ಯಾವ ಗಿಡದ, ಯಾವ ಹದದ, ಯಾವ ದ್ರಾವಕದ ಅಂಕಿ ಎಂದು ಕೇಳಲೇಬೇಕು. ಒಂದು ಗಿಡದ್ದು ಇದ್ದಂತೆ ಇನ್ನೊಂದರದ್ದು ಇರುವುದಿಲ್ಲ ಎಂಬ ಬುಟ್ಟಿಯವರ ಮಾತು ಎಷ್ಟೋ ಸಂಶೋಧನಾ ಲೇಖನಗಳ ಸಾರಾಂಶಕ್ಕಿಂತ ನಿಖರ.

ಆರು ನೂರು ಇದ್ದದ್ದು ಇನ್ನೂರೈವತ್ತು

ನೆಲ್ಲಿಕಾಯಿಯ ಕತೆ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ 100 ಗ್ರಾಂ ನೆಲ್ಲಿಯಲ್ಲಿ 600 ಮಿಲಿಗ್ರಾಂ ವಿಟಮಿನ್ ಸಿ. ಶಾಲೆಯ ಪಾಠದಿಂದ ಜಾಹೀರಾತಿನವರೆಗೆ ಎಲ್ಲ ಕಡೆ ಓಡಾಡಿದ್ದು ಇದೇ ಅಂಕಿ. ಅದೇ ಸಂಸ್ಥೆ ದೇಶದ ನಾನಾ ಕಡೆಯ ಮಾದರಿಗಳನ್ನು ಹೊಸ ಯಂತ್ರಗಳಲ್ಲಿ ಅಳೆದು 2017ರಲ್ಲಿ ಹೊಸ ಕೋಷ್ಟಕ ಪ್ರಕಟಿಸಿತು. ಅದರಲ್ಲಿ ನೆಲ್ಲಿಯ ಅಂಕಿ ಸುಮಾರು 250. ಪೇರಲಕ್ಕೂ ನೆಲ್ಲಿಗೂ ನಡುವೆ ಇದೆ ಎಂದುಕೊಂಡಿದ್ದ ಅಗಾಧ ಅಂತರ ಒಮ್ಮೆಲೇ ಕಿರಿದಾಯಿತು.

ನೆಲ್ಲಿಯೇನೂ ಬಡವಾಗಲಿಲ್ಲ. ತಳಿ, ಊರು, ಹದ ಎಲ್ಲವೂ ಅಂಕಿಯನ್ನು ಏರಿಳಿಸುತ್ತವೆ. ಜೊತೆಗೆ ಹಳೆಯ ವಿಧಾನದಲ್ಲಿ ಒಂದು ಬಣ್ಣದ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅದು ಎಷ್ಟು ಮಾಸಿತು ಎಂದು ಲೆಕ್ಕ ಹಾಕುತ್ತಿದ್ದರು. ಆ ಬಣ್ಣವನ್ನು ಮಾಸಿಸಬಲ್ಲ ಬೇರೆ ವಸ್ತು ಹಣ್ಣಿನಲ್ಲಿದ್ದರೆ ಅದೂ ವಿಟಮಿನ್ ಸಿ ಲೆಕ್ಕಕ್ಕೆ ಸೇರಬಹುದು. ನೆಲ್ಲಿಯಲ್ಲಿ ಎಂಬ್ಲಿಕಾನಿನ್ ಮೊದಲಾದ ಟ್ಯಾನಿನ್‌ಗಳು ತುಂಬಿವೆ. ನೆಲ್ಲಿ ಕಚ್ಚಿದಾಗ ಬಾಯಿ ಒಗರಾಗುವುದು ಅವುಗಳಿಂದಲೇ. ಹೊಸ ವಿಧಾನ ವಿಟಮಿನ್ನನ್ನು ಬೇರೆಯಾಗಿ ಬಿಡಿಸಿ ಅಳೆಯುತ್ತದೆ. ಒಟ್ಟು ಫಿನಾಲ್ ಅಳೆಯುವ ಫೋಲಿನ್ ಪರೀಕ್ಷೆಗೂ ಇಂಥದೇ ಮಿತಿಯಿದೆ. 1927ರಲ್ಲಿ ರೂಪುಗೊಂಡ ಆ ಕಾರಕಕ್ಕೆ ಫಿನಾಲ್ ಯಾವುದು, ವಿಟಮಿನ್ ಸಿ ಯಾವುದು ಎಂಬ ಭೇದವಿಲ್ಲ. ಎರಡೂ ಅದನ್ನು ನೀಲಿ ಮಾಡುತ್ತವೆ.

ಸಾಮಾನ್ಯ ಓದುಗನಿಗೆ ಇದೆಲ್ಲ ಏಕೆ ಬೇಕು? ಏಕೆಂದರೆ ನಾವು ದುಡ್ಡು ಕೊಡುತ್ತಿರುವುದು ಈ ಅಂಕಿಗಳಿಗೆ. ಅಮೆರಿಕದ ಕೃಷಿ ಇಲಾಖೆ ಕೂಡ ಒಂದು ಕಾಲಕ್ಕೆ ಓರಾಕ್ ಎಂಬ ಅಳತೆಯಲ್ಲಿ ನೂರಾರು ಆಹಾರಗಳ ಆಂಟಿಆಕ್ಸಿಡೆಂಟ್ ಶಕ್ತಿಯ ಪಟ್ಟಿ ಇಟ್ಟುಕೊಂಡಿತ್ತು. ಕಂಪನಿಗಳು ಅದನ್ನು ಜಾಹೀರಾತಿಗೆ ಎಳೆದಾಡುತ್ತಿವೆ, ಗಾಜಿನ ನಳಿಕೆಯೊಳಗಿನ ಅಂಕಿ ಮನುಷ್ಯದೇಹಕ್ಕೆ ನೇರ ಅನ್ವಯಿಸುವುದಿಲ್ಲ ಎಂದು ಹೇಳಿ 2012ರಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿತು.

ದೇಹದೊಳಗೆ ಆಗುವುದೇ ಬೇರೆ. ಹಣ್ಣಿನ ಆಂಥೋಸಯನಿನ್‌ನಲ್ಲಿ ಬಹಳ ಸಣ್ಣ ಪಾಲು ಮಾತ್ರ ಮೂಲ ರೂಪದಲ್ಲಿ ರಕ್ತಕ್ಕೆ ಇಳಿಯುತ್ತದೆ. ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಬೇರೆ ಬೇರೆ ಸಣ್ಣ ಅಣುಗಳಾಗುತ್ತದೆ. ನೆಲ್ಲಿ, ನೇರಳೆಗಳ ಎಲಾಜಿಕ್ ಆಮ್ಲದಿಂದ ಯುರೊಲಿಥಿನ್ ಎಂಬ ವಸ್ತು ಹುಟ್ಟುತ್ತದೆ; ಅದೂ ಎಲ್ಲರ ಕರುಳಿನಲ್ಲಿ ಒಂದೇ ಸಮ ಹುಟ್ಟುವುದಿಲ್ಲ. ಅಮೆರಿಕದ ಆರೆಗನ್‌ನಲ್ಲಿ ಇಬ್ಬರು ಸಂಶೋಧಕರು ಜನರಿಗೆ ಸೇಬು ತಿನ್ನಿಸಿ ರಕ್ತ ಪರೀಕ್ಷಿಸಿದರು. ರಕ್ತದ ಆಂಟಿಆಕ್ಸಿಡೆಂಟ್ ಶಕ್ತಿ ಏರಿತ್ತು. ಕಾರಣ ಹುಡುಕಿದರೆ ಸೇಬಿನ ಪಾಲಿಫಿನಾಲ್ ಅಲ್ಲ, ಸೇಬಿನ ಫ್ರಕ್ಟೋಸ್ ಸಕ್ಕರೆಯಿಂದ ದೇಹದಲ್ಲಿ ಹೆಚ್ಚಿದ ಯೂರಿಕ್ ಆಮ್ಲ! 2004ರಲ್ಲಿ ಪ್ರಕಟವಾದ ಈ ಅಧ್ಯಯನ ಇಡೀ ಕ್ಷೇತ್ರವನ್ನು ನಿಂತು ಯೋಚಿಸುವಂತೆ ಮಾಡಿತು. ಈಗಿನ ವಿಜ್ಞಾನಿಗಳು ಪಾಲಿಫಿನಾಲ್‌ಗಳು ದೇಹದಲ್ಲಿ ರಾಡಿಕಲ್‌ಗಳನ್ನು ತಾವೇ ಹಿಡಿದು ಹಾಕುತ್ತವೆ ಎನ್ನುವುದಕ್ಕಿಂತ, ಜೀವಕೋಶಗಳಿಗೆ ಹಗುರವಾಗಿ ಚುರುಕು ಮುಟ್ಟಿಸಿ ಅವುಗಳ ಸ್ವಂತ ರಕ್ಷಣೆಯನ್ನು ಎಬ್ಬಿಸುತ್ತವೆ ಎಂಬ ದಿಕ್ಕಿನಲ್ಲಿ ಹೆಚ್ಚು ಹುಡುಕುತ್ತಿದ್ದಾರೆ.

ಆಂಟಿಆಕ್ಸಿಡೆಂಟ್ ಎಂದಮಾತ್ರಕ್ಕೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು ಫಿನ್ಲೆಂಡಿನಲ್ಲಿ. ಅಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ 18ರಷ್ಟು ಹೆಚ್ಚಿತ್ತು. ಗಜ್ಜರಿ, ಮಾವು ತಿನ್ನುವವರಿಗೆ ಇದರಿಂದ ಹೆದರಿಕೆಯಿಲ್ಲ. ಒಂದು ಅಣುವನ್ನು ಹಣ್ಣಿನಿಂದ ಬಿಡಿಸಿ, ದೊಡ್ಡ ಪ್ರಮಾಣದಲ್ಲಿ, ವರ್ಷಗಟ್ಟಲೆ ನುಂಗುವ ಸಂಗತಿ ಬೇರೆ.

ಉಪ್ಪಾಗೆ ಕಲಿಸಿದ ಪಾಠ

ಹಣ್ಣಿನ ಜಾತಕ ಬರೆಯುವುದು ಎಷ್ಟು ದೊಡ್ಡ ಕೆಲಸ, ಅದನ್ನು ತಪ್ಪಾಗಿ ಓದಿದರೆ ಏನಾಗುತ್ತದೆ ಎಂಬ ಎರಡನ್ನೂ ತಿಳಿಯಲು ನಮ್ಮ ನೆರೆಯ ಶಿರಸಿ, ಸಿದ್ದಾಪುರದ ಉಪ್ಪಾಗೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಉಪ್ಪಾಗೆ ಮುರುಗಲಿನ ಕುಲದ್ದೇ ಮರ. ಹಳದಿ ಹಣ್ಣು, ಸಣ್ಣ ಕುಂಬಳದಂತೆ ಗೆರೆ ಗೆರೆ. ಸಿಪ್ಪೆಯನ್ನು ಒಣಗಿಸಿ ಹುಣಸೆಯ ಬದಲು ಹುಳಿಗೆ ಹಾಕುತ್ತಾರೆ, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಅದರ ಹುಳಿ ಯಾವ ಆಮ್ಲದ್ದು ಎಂಬುದು ಬಹಳ ಕಾಲ ತಪ್ಪಾಗಿಯೇ ದಾಖಲಾಗಿತ್ತು. ಟಾರ್ಟಾರಿಕ್, ಸಿಟ್ರಿಕ್ ಆಮ್ಲ ಎಂದೇ ಪುಸ್ತಕಗಳು ಹೇಳುತ್ತಿದ್ದವು. ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಆ ತಪ್ಪನ್ನು ತಿದ್ದಿದರು. ಉಪ್ಪಾಗೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿಕೊಟ್ಟರು. ಈಗಿನ ಯಂತ್ರಗಳಿಲ್ಲದ ಕಾಲದಲ್ಲಿ, ಕರಾವಳಿ ಮಲೆನಾಡಿನ ಅಡುಗೆಮನೆಯ ಒಂದು ಹುಳಿಯೊಳಗಿನ ಅಣುವಿನ ರಚನೆಯನ್ನು ಬಿಡಿಸಿಟ್ಟ ಈ ಕೆಲಸವನ್ನು ಕರ್ನಾಟಕದ ವಿಜ್ಞಾನದ ಇತಿಹಾಸದಲ್ಲಿ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು.

1960ರ ದಶಕ ಮುಗಿಯುವಷ್ಟರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿಗಳು ಈ ಆಮ್ಲದ ಇನ್ನೊಂದು ಗುಣ ಕಂಡುಹಿಡಿದರು. ದೇಹ ಸಕ್ಕರೆಯನ್ನು ಕೊಬ್ಬಾಗಿ ಮಾಡುವ ದಾರಿಯಲ್ಲಿ ಬರುವ ಒಂದು ಕಿಣ್ವವನ್ನು ಇದು ತಡೆಯುತ್ತದೆ. ಇಲಿಗಳಲ್ಲಿ ಕೊಬ್ಬು ಕಡಿಮೆಯಾಯಿತು. ಅಷ್ಟು ಸಾಕಾಯಿತು ವ್ಯಾಪಾರಕ್ಕೆ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗಾಗಿ ಉಪ್ಪಾಗೆ ಸಿಪ್ಪೆಗೆ ಬೇಡಿಕೆ ಎದ್ದಿತು, ಬೆಲೆ ಜಿಗಿಯಿತು. ಕಾಡಿನ ಅಂಚಿನ ಕುಟುಂಬಗಳಿಗೆ ಮಳೆಗಾಲದಲ್ಲಿ ಕೈಗೆ ಕಾಸು ಬಂತು ಎನ್ನುವುದು ನಿಜ, ಅದು ಸಣ್ಣ ಮಾತಲ್ಲ. ಆದರೆ ತಾನು ಮೊದಲು ಕೀಳಬೇಕು, ತಡವಾದರೆ ಇನ್ನೊಬ್ಬರು ಒಯ್ಯುತ್ತಾರೆ ಎಂಬ ಅವಸರದಲ್ಲಿ ಬಲಿಯದ ಕಾಯಿಗಳನ್ನು ಬಡಿದರು, ಟೊಂಗೆಗಳನ್ನೇ ಕಡಿದರು. ಹಣ್ಣಾಗುವುದು ಸುರಿಯುವ ಮಳೆಯಲ್ಲಿ, ಹಾಗಾಗಿ ಸಿಪ್ಪೆ ಒಣಗಬೇಕಾದದ್ದು ಒಲೆಯ ಮೇಲೆ. ಅದಕ್ಕಾಗಿ ಕಾಡಿನ ಕಟ್ಟಿಗೆ ಹೊರೆಗಟ್ಟಲೆ ಉರಿಯಿತು. ಉಪ್ಪಾಗೆಯಲ್ಲಿ ಗಂಡು, ಹೆಣ್ಣು ಮರಗಳು ಬೇರೆ ಬೇರೆ. ಫಲ ಬಿಡುವ ಮರಗಳ ಮೇಲೇ ಪೆಟ್ಟೆಲ್ಲ ಬಿತ್ತು.

ಇಷ್ಟೆಲ್ಲ ಆದಮೇಲೆ ಆ ಮಾತ್ರೆಗಳಿಂದ ತೂಕ ಇಳಿಯಿತೆ? 1998ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ ಪತ್ರಿಕೆಯಲ್ಲಿ ಬಂದ ಪರೀಕ್ಷೆಯಲ್ಲಿ 135 ಜನರಿದ್ದರು. 12 ವಾರ ಅರ್ಧ ಜನಕ್ಕೆ ಉಪ್ಪಾಗೆ ಸತ್ವ, ಉಳಿದವರಿಗೆ ಸತ್ವವಿಲ್ಲದ ಮಾತ್ರೆ. ಸತ್ವ ತಿಂದವರು ಸರಾಸರಿ 3.2 ಕಿಲೋ ಇಳಿದರು, ತಿನ್ನದವರು 4.1 ಕಿಲೋ. ಸತ್ವದಿಂದ ಯಾವ ಲಾಭವೂ ಕಾಣಲಿಲ್ಲ. ಇಂಥ ಮಾತ್ರೆ ನುಂಗಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ಮುಂದೆ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾದವು. ಮೀನಿನ ಸಾರಿಗೆ ಒಂದೆರಡು ತುಂಡು ಹಾಕಿ ತಲೆಮಾರುಗಳಿಂದ ಉಂಡವರಿಗೆ ಏನೂ ಆಗಲಿಲ್ಲ. ಗಾರ್ಸೀನಿಯಾ ಎಂಬ ಹೆಸರಿನ ಆ ಡಬ್ಬಿಯಲ್ಲಿರುವುದು ಇದೇ ಶಿರಸಿ ಕಾಡಿನ ಉಪ್ಪಾಗೆಯ ಕುಲ ಎಂದು ಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಗೊತ್ತಿರುತ್ತದೆ?

ಮೈಸೂರಿನ ವಿಜ್ಞಾನಿಗಳು ಬರೆದ ಜಾತಕದಲ್ಲಿ ದೋಷವಿರಲಿಲ್ಲ. ಅವರು ಹಣ್ಣಿನಲ್ಲಿ ಏನಿದೆ ಎಂದು ಹೇಳಿದರು, ಅದು ಇಂದಿಗೂ ಸತ್ಯ. ಇದೆ ಎಂಬುದರಿಂದ ಆಗುತ್ತದೆ ಎಂಬುದಕ್ಕೆ ಹಾರಿದವರು ಬೇರೆಯವರು.

ಶರಬತ್ತು, ಉಪ್ಪು, ಬೀಜದ ಪುಡಿ

ಮುರುಗಲಿನ ಬಗ್ಗೆ ಓದುವಾಗ ಗಾರ್ಸಿನಾಲ್ ಎಂಬ ಹೆಸರು ಪದೇ ಪದೇ ಬರುತ್ತದೆ. ಮುರುಗಲು ಸಿಪ್ಪೆಯ ಈ ಹಳದಿ ವಸ್ತುವಿನ ಮೇಲೆ ಪ್ರಯೋಗಾಲಯಗಳಲ್ಲಿ ಸಾಕಷ್ಟು ಕೆಲಸ ನಡೆದಿದೆ. ಅದನ್ನೇ ಹಿಡಿದು ಮುರುಗಲಿನ, ಅಂದರೆ ಕೋಕಮ್ ಶರಬತ್ತಿಗೆ ದೊಡ್ಡ ದೊಡ್ಡ ಗುಣಗಳನ್ನು ಹೊರಿಸುವವರಿದ್ದಾರೆ. ಆದರೆ ಗಾರ್ಸಿನಾಲ್ ಎಣ್ಣೆ, ಆಲ್ಕೋಹಾಲಿನಲ್ಲಿ ಕರಗುವ ವಸ್ತು, ನೀರಿಗೆ ಬರುವುದು ಬಹಳ ಕಡಿಮೆ. ಶರಬತ್ತಿಗೆ ಆ ಚೆಂದದ ಕೆಂಪು ಕೊಡುವುದು ನೀರಿನಲ್ಲಿ ಕರಗುವ ಸಯನಿಡಿನ್ ಆಂಥೋಸಯನಿನ್‌ಗಳು. ಹಣ್ಣಿನ ಹುಳಿಯೇ ಆ ಬಣ್ಣವನ್ನು ಕಾಯುತ್ತದೆ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮುರುಗಲನ್ನೂ ಅದರ ಶರಬತ್ತಿನ ಪಾಕವನ್ನೂ ಪರೀಕ್ಷಿಸಿ 2006ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಪಾಕದಲ್ಲೂ ಆಂಟಿಆಕ್ಸಿಡೆಂಟ್ ಗುಣ ಉಳಿದಿತ್ತು. ಜನ ನಿಜವಾಗಿ ಕುಡಿಯುವ ರೂಪದಲ್ಲೇ ಹಣ್ಣನ್ನು ಅಳೆದರು ಎಂಬ ಕಾರಣಕ್ಕೆ ಈ ಅಧ್ಯಯನ ನನಗೆ ಮೆಚ್ಚುಗೆ. ನಾವು ಯಾರೂ ನೇರಳೆಯನ್ನು ಮೆಥನಾಲಿನಲ್ಲಿ ನೆನೆಸಿ ತಿನ್ನುವುದಿಲ್ಲ. ಉಪ್ಪು ಹಚ್ಚಿ ಅಲುಗಾಡಿಸಿದ ನೇರಳೆ, ಉಪ್ಪುನೀರಿನ ನೆಲ್ಲಿ, ಬೆಲ್ಲ ಹಾಕಿ ಕಲಸಿದ ಬೆಳವಲದ ತಿರುಳು, ಕವಳಿಕಾಯಿಯ ಉಪ್ಪಿನಕಾಯಿ ಇವುಗಳ ಜಾತಕ ಬರೆದರೆ ಗೋಕುಲ ರಸ್ತೆಯ ಮನೆಗಳಿಗೆ ಅದು ಉಪಯೋಗದ ಮಾತಾಗುತ್ತದೆ. ಪಾಕದಲ್ಲಿ ಸಕ್ಕರೆ ಎಷ್ಟಿದೆ ಎಂಬುದನ್ನೂ ಅದೇ ಕೋಷ್ಟಕದಲ್ಲಿ ಬರೆಯಬೇಕು. ಸಕ್ಕರೆ ಕಾಯಿಲೆಯವರು ಆರೋಗ್ಯಕ್ಕೆಂದು ದೊಡ್ಡ ಲೋಟದ ಸಿಹಿ ಶರಬತ್ತು ಕುಡಿಯುವುದು ನಮ್ಮಲ್ಲಿ ಹೊಸದಲ್ಲ.

ಸಕ್ಕರೆ ಕಾಯಿಲೆ ಎಂದಾಗ ನೇರಳೆ ಬೀಜದ ಪುಡಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಲಿಗಳಲ್ಲಿ ಬೀಜದ ಸತ್ವ ಸಕ್ಕರೆ ಇಳಿಸಿದ ವರದಿಗಳು ಇವೆ. ನಮ್ಮಿಂದ ಹೋದ ನೇರಳೆ ಮರ ಬ್ರೆಜಿಲ್‌ನಲ್ಲೂ ಬೆಳೆದು ಅಲ್ಲಿನ ಜನ ಅದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಾರೆ. ಅಲ್ಲಿನ ವೈದ್ಯರು ಆ ಕಷಾಯವನ್ನು ರೋಗಿಗಳಲ್ಲಿ ಶಿಸ್ತಾಗಿ ಪರೀಕ್ಷಿಸಿದಾಗ ರಕ್ತದ ಸಕ್ಕರೆ ಇಳಿಯಲಿಲ್ಲ. ಎಲೆ ಬೇರೆ, ಬೀಜ ಬೇರೆ ಎನ್ನಬಹುದು, ಒಪ್ಪುತ್ತೇನೆ. ಆದರೆ ವೈದ್ಯರು ಬರೆದುಕೊಟ್ಟ ಮಾತ್ರೆ ಬಿಟ್ಟು ಪುಡಿಯೊಂದನ್ನೇ ನಂಬಿ ಕೂತರೆ ಕಣ್ಣು, ಮೂತ್ರಪಿಂಡ, ಕಾಲು ಕಳೆದುಕೊಳ್ಳುವ ಅಪಾಯವಿದೆ. ಪುಡಿ ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಿ. ಅವರಿಗೆ ಹೇಳದೆ ಏನನ್ನೂ ಬಿಡಬೇಡಿ, ಸೇರಿಸಬೇಡಿ. ಹಣ್ಣನ್ನಂತೂ ಋತುವಿನಲ್ಲಿ ಹಣ್ಣಾಗಿಯೇ ಮಿತವಾಗಿ ತಿನ್ನಬಹುದು.

ಯಾವ ಗಿಡ?

ಹಾಗಾದರೆ ರಾಸಾಯನಿಕ ವಿಶ್ಲೇಷಣೆಯಿಂದ ಪ್ರಯೋಜನ ಏನು? ಬಹಳ ಇದೆ, ಮಾತ್ರೆಯ ದಾರಿಗೆ ಹೋಗದಿದ್ದರೆ. ಬೀಜದಿಂದ ಹುಟ್ಟಿದ ಮರಗಳು ಒಂದರಂತೆ ಒಂದಿಲ್ಲ ಎಂಬುದೇ ನಮ್ಮ ಸಂಪತ್ತು. ನೂರು ಕವಳಿ ಗಿಡಗಳನ್ನು ಅಳೆದರೆ ಅವುಗಳಲ್ಲಿ ಬಣ್ಣ ಹೆಚ್ಚಿರುವುದು ಯಾವುದು, ಒಗರು ಕಡಿಮೆಯಿರುವುದು ಯಾವುದು, ಬಿಡಿಸಿದ ಮೇಲೆ ಎರಡು ದಿನ ತಡೆಯುವುದು ಯಾವುದು ಎಂದು ಗೊತ್ತಾಗುತ್ತದೆ. ಅಂಥ ತಾಯಿ ಮರಗಳನ್ನು ಗುರುತಿಸಿ ಕಸಿ ಮಾಡಿ ಹಂಚಿದರೆ ಬೆಳೆದವರಿಗೂ ಮಾರುವವರಿಗೂ ತಿನ್ನುವವರಿಗೂ ಲಾಭ. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ಅರಣ್ಯ ಕಾಲೇಜು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಇವೆಲ್ಲ ಈ ಸೀಮೆಯಲ್ಲೇ ಇರುವುದರಿಂದ ಕೆಲಸಕ್ಕೆ ಜಾಗ ಹುಡುಕಬೇಕಿಲ್ಲ. ಮುರುಗಲಿನಲ್ಲಿ ಈ ಅಗತ್ಯ ಇನ್ನೂ ಹೆಚ್ಚು. ಬೀಜದಿಂದ ನೆಟ್ಟ ಸಸಿ ಗಂಡೋ ಹೆಣ್ಣೋ ಎಂದು ತಿಳಿಯಲು ಅದು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಹೆಣ್ಣು ಮರದ ಕಡ್ಡಿಯಿಂದ ಕಸಿ ಮಾಡಿದರೆ ಆ ಸಂಶಯವೇ ಇಲ್ಲ.

ನನ್ನ ಕಳವಳ ಇರುವುದು ಅಳೆಯಲು ಗಿಡಗಳು ಉಳಿಯುತ್ತವೆಯೇ ಎಂಬುದರಲ್ಲಿ. ಬಾರಿ, ಬೆಳವಲ ಬೆಳೆದದ್ದು ಹೊಲದ ಬದುವಿನಲ್ಲಿ. ಟ್ರ್ಯಾಕ್ಟರ್ ತಿರುಗಲು ಅಡ್ಡಿ, ಬೆಳೆಗೆ ನೆರಳು ಎಂದು ಬದುವಿನ ಮರಗಳು ಹೋಗುತ್ತಿವೆ. ಕವಳಿಯ ಪೊದೆ ಬೆಳೆದದ್ದು ಗುಡ್ಡದ ಇಳಿಜಾರಿನಲ್ಲಿ, ಗೋಮಾಳದಲ್ಲಿ. ಲೇಔಟ್ ಬಂದರೆ ಮೊದಲು ಸವರುವುದು ಮುಳ್ಳಿನ ಪೊದೆಯನ್ನೇ. ಗೋಕುಲ ಎಂಬ ಹಳ್ಳಿಯ ಹೆಸರು ಹೊತ್ತ ಈ ರಸ್ತೆಯ ಇಕ್ಕೆಲದಲ್ಲೂ ಇಂದು ಬಡಾವಣೆಗಳೇ. ಊರೊಳಗೆ ನೇರಳೆ ನೆಡಿ ಎಂದರೆ ಕಾರಿನ ಮೇಲೆ ಕಲೆ ಬೀಳುತ್ತದೆ, ಅಂಗಳ ಹೊಲಸಾಗುತ್ತದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ರಸ್ತೆಯ ಬದಿ ಬೇಡವೆಂದರೆ ತೋಳನಕೆರೆಯ ದಂಡೆ ಇದೆ, ಶಾಲೆ ಕಾಲೇಜುಗಳ ಅಂಗಳ ಇದೆ, ಕೈಗಾರಿಕಾ ವಸಾಹತಿನ ಕಾಂಪೌಂಡುಗಳ ಒಳಗೆ ಖಾಲಿ ಜಾಗ ಇದೆ. ಕವಳಿಯನ್ನಂತೂ ಬೇಲಿಯಾಗಿಯೇ ಬೆಳೆಸಬಹುದು. ಮುಳ್ಳಿನ ಬೇಲಿಯೂ ಆಯಿತು, ಬೇಸಿಗೆಯಲ್ಲಿ ಹಣ್ಣೂ ಆಯಿತು.

ಮಳೆಗಾಲ ಶುರುವಾಗುವಾಗ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಸಿ ಕೊಡುತ್ತಾರೆ. ತೇಗ, ಸಿಲ್ವರ್ ಓಕ್ ಜೊತೆಗೆ ನೇರಳೆ, ನೆಲ್ಲಿ, ಬೆಳವಲ ಕೇಳಿ ಪಡೆಯಿರಿ. ಕೇಳುವವರು ಹೆಚ್ಚಾದರೆ ಬೆಳೆಸುವುದೂ ಹೆಚ್ಚುತ್ತದೆ. ಬೀಜದ ನೇರಳೆ ಫಲ ಬಿಡಲು ಎಂಟು ಹತ್ತು ವರ್ಷ ಹಿಡಿಯುತ್ತದೆ, ಕಸಿ ಗಿಡವಾದರೆ ಇನ್ನೂ ಬೇಗ. ಜಾಗ ಬಿಡುವಾಗ ಮೂವತ್ತು ಅಡಿಯಾದರೂ ಬಿಡಿ, ಮರ ದೊಡ್ಡದಾಗುತ್ತದೆ. ಬೀಜದ ಗಿಡಕ್ಕೂ ಕಸಿ ಗಿಡಕ್ಕೂ ಮೊದಲ ಎರಡು ಬೇಸಿಗೆಯಲ್ಲಿ ತಪ್ಪದೆ ನೀರು ಹಾಕಬೇಕು.